ಹಳೇ ಬಾಕಿ

ಗುರುವಾರ ರಾತ್ರಿ ಅದು ಟಿಕ್ ಟಿಕ್ ಅಂದಿತು.
ಹಲ್ಲಿ ಅಂದುಕೊಂಡೆವು.
ಗುದೈಬಿಯಾದ ಈ ಕೋಣೆಯಲ್ಲಿ ಹಲ್ಲಿ ಲೊಚಗುಟ್ಟಿದರೆ
ಶೀನ ಮರಕಾಲ ನೆಲಕ್ಕೆ ಬೆರಳು ತಟ್ಟಿ
ಕೃಷ್ಣ ಕೃಷ್ಣ ಅನ್ನುತ್ತಾನೆ. ಅಂದೂ ಅಂದ.
ಆಮೇಲೆ ಪರದೆ ನೀಲಿಯಾಯಿತು.

ಆರು ಮಂದಿಗೆ ಒಂದು ಕಂಪ್ಯೂಟರು,
ತಲೆಗೆ ಹನ್ನೊಂದು ದಿನಾರ್ ಹಾಕಿ ಕೊಂಡದ್ದು.
ಮೊಯ್ದಿನಬ್ಬನ ಪಾಲು ಎರಡು ಕಂತಿನಲ್ಲಿ ಬಂತು.

ಹೂರಾದ ಅಂಗಡಿಯ ರೊಡೆಲ್
ಹಾರ್ಡ್ ಡಿಸ್ಕನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ,
ತೆಂಗಿನಕಾಯಲ್ಲಿ ನೀರುಂಟೋ ಎಂದು ನೋಡುವವನಂತೆ.
ಒಳಗಿರುವುದನ್ನು ತೆಗೆಯಲು ನೂರ ಇಪ್ಪತ್ತು,
ಹೊಸದಕ್ಕೆ ಹದಿನಾಲ್ಕು.
ನನ್ನ ಸಂಬಳ ನೂರ ನಲವತ್ತು.
ಹೊಸದೇ ಕೊಡು ಅಂದೆ.

ಜುಮಾ ಮುಗಿಸಿ ಮೊಯ್ದಿನಬ್ಬ ಬರುವವರೆಗೆ ಕಾದು
ಊಟದ ಪ್ಲಾಸ್ಟಿಕ್ ಹಾಸಿನ ಮೇಲೆ ಅದನ್ನು ಮಲಗಿಸಿದೆವು.
ಪಕ್ಕದ ತಗಡು ಬಿಚ್ಚಿದರೆ
ಮರಳು, ಕೂದಲು, ಬಂಗುಡೆ ಹುರಿದ ಹೊಗೆಯ ಜಿಡ್ಡು,
ಒಂದು ಏಲಕ್ಕಿ ಸಿಪ್ಪೆ, ಅದು ಹೇಗೆ ಹೊಕ್ಕಿತೋ.
ಸ್ಕ್ರೂಗಳನ್ನು ಚಾ ಬಸಿಯಲ್ಲಿಟ್ಟೆವು.
ಬೀದರಿನ ತಾಜೊದ್ದೀನ್, ಹಡಗಿನ ಹೊಟ್ಟೆಯೊಳಗೆ ಮಲಗಿ
ಬೆಂಕಿ ಉಗುಳಿಸುವ ವೆಲ್ಡರ್,
ಸೊಳ್ಳೆಕಾಲಿನಂಥ ಪಿನ್ನುಗಳ ಮುಂದೆ ಉಸಿರು ಹಿಡಿದು ಕೂತ.
ಪ್ರೊಸೆಸರಿನ ಬಿಳಿ ಲೇಪ ಒಣಗಿ ಹುಡಿಯಾಗಿತ್ತು.
ಎಲೆಗೆ ಸುಣ್ಣ ಹಚ್ಚುವಷ್ಟೇ ಹಚ್ಚು ಮಾರಾಯ,
ಹೆಚ್ಚಾದರೆ ಬಾಯಿ ಸುಡುತ್ತದೆ, ಅಂದ ಶೀನ.

ಒಳಗಿನ ಗಡಿಯಾರದ ಸೆಲ್ಲೂ ಸತ್ತಿತ್ತು.
ಕಣ್ಣುಬಿಟ್ಟ ಯಂತ್ರ ತಾರೀಕು ತೋರಿಸಿತು:
ಎರಡು ಸಾವಿರದ ಐದು, ಜನವರಿ ಒಂದು.
ಯಾರೂ ಮಾತಾಡಲಿಲ್ಲ.
ಆಗ ನಾನಿನ್ನೂ ಗಂಗೊಳ್ಳಿಯ ಬಂದರಿನಲ್ಲಿ ಐಸ್ ಒಡೆಯುತ್ತಿದ್ದೆ,
ತಾಜೊದ್ದೀನನ ಮಗಳು ಹುಟ್ಟಿರಲಿಲ್ಲ,
ಏಜೆಂಟನ ಹೆಸರು ನಮಗಾರಿಗೂ ಗೊತ್ತಿರಲಿಲ್ಲ.
ಸರಿಮಾಡು ಅಂದರು ಯಾರೋ.
ಗುಂಡಿ ಒತ್ತಿ ಒತ್ತಿ ಒಂದೊಂದೇ ವರ್ಷ ದಾಟಿಸಿದೆ.
ಫೆಲಿಕ್ಸ್ ಪೊರ್ಬು ಇದ್ದ ವರ್ಷಗಳಲ್ಲಿ
ಬೆರಳು ಸ್ವಲ್ಪ ತಡವಿತು.

ಆಮೇಲೆ ಕೇಳಿತು, ನೀವಿರುವ ಜಾಗದ ಸಮಯ ಯಾವುದು?
ಊರಿನದೇ ಇಡು, ಅಂದ ಶೀನ.
ಸಂಬಳ ಕೊಡುವವನ ಗಡಿಯಾರ ಇಡು, ಅಂದ ಮೊಯ್ದಿನಬ್ಬ.
ಎರಡೂವರೆ ಗಂಟೆಯ ಮೇಲೆ ಅರ್ಧ ಗಂಟೆ ಜಗಳ.

ಎಲ್ಲ ಸರಿಹೋದ ಮೇಲೆ ನೆನಪಾಯಿತು:
‘ಕೋಣೆ ಲೆಕ್ಕ’ ಎಂಬ ಹಾಳೆ.
ಎಂಟು ವರ್ಷಗಳ ಕೈಗಡ, ಯಾರಿಂದ ಯಾರಿಗೆ, ಫಿಲ್ಸ್ ಸಮೇತ.
ನಕಲಿಲ್ಲ. ಬರೆದವನು ನಾನೇ,
ಯಾರ್ಡಿನ ಬೋಲ್ಟುಗಳಿಗೆ ಮೂರು ಪ್ರತಿ ಲೆಕ್ಕವಿಡುವ ಸ್ಟೋರ್‌ಕೀಪರ್.

ಬಾಯಲ್ಲೇ ಹೇಳಿ, ಬರೆದುಕೊಳ್ಳುತ್ತೇನೆ ಅಂದೆ.
ಮೊಯ್ದಿನಬ್ಬನಿಗೆ ನಾನು ಇಪ್ಪತ್ತೆರಡು, ಅಂದ ತಾಜೊದ್ದೀನ್.
ಹದಿನೆಂಟೇ, ಅಂದ ಮೊಯ್ದಿನಬ್ಬ.
ಹೀಗೆ ತಲೆಕೆಳಗಾದ ಚೌಕಾಸಿ
ನಾನು ಯಾವ ಪೇಟೆಯಲ್ಲೂ ಕಂಡಿಲ್ಲ.
ಗೋಕಾಕದ ಈರಪ್ಪ ಬೀಡಿ ಸೇದಲು ಮೆಟ್ಟಿಲಿಗೆ ಹೋದ,
ಬಂದು, ನಂದು ಮೂವತ್ತೇಳು ಬರ್ಕೋ, ಅಂದ.
ನನ್ನ ನೆನಪಿನಲ್ಲಿ ನಲವತ್ತಮೂರಿತ್ತು.
ಮೂವತ್ತೇಳು ಬರೆದೆ.

ಇನ್ಯಾರಾದರೂ ಇದ್ದಾರಾ, ಕೇಳಿದ ಹೊಸ ಹುಡುಗ ಅಖಿಲೇಶ.
ಪೊರ್ಬುವಿನ ಮಂಚದ ಮೇಲೇ ಕೂತಿದ್ದ,
ಅವನಿಗೆ ಗೊತ್ತಿಲ್ಲ.
ಲಿಫ್ಟಿನಲ್ಲಿ ಎದೆ ಹಿಡಿದುಕೊಂಡು ಕುಸಿದ ದಿನ
ಪೊರ್ಬುವಿನ ಕೈಯಲ್ಲಿದ್ದ ಖುಬ್ಬೂಸಿನ ಚೀಲ
ಬೆಚ್ಚಗಿತ್ತು, ಆರು ಮಂದಿಯದು.
ಕೋಣೆಗೆ ಅವರ ಬಾಕಿ ನಲವತ್ತು.
ಅದನ್ನು ಯಾರೂ ಎತ್ತಲಿಲ್ಲ, ನಾನೂ.

ಶೀನ ಕೆಮ್ಮಿದ.
ಪೊರ್ಬುಗೆ ನಾನು ಒಂಬತ್ತು ಕೊಡಬೇಕಿತ್ತು.
ಹಳೆಯ ಹಾಳೆಯಲ್ಲಿ ಇರಲಿಲ್ಲವಲ್ಲ ಅಂದೆ.
ಹೇಳಿರಲಿಲ್ಲ, ಅಂದ.

ಹೊಸ ಸಾಲು ತೆರೆದು ಹೆಸರು ಬರೆದೆ.
ಹಾಸಿನ ಆಚೆ ತುದಿಯಲ್ಲಿ ಈರಪ್ಪ
ನೋಡದೆ ಅದೇ ಬಸಿಗೆ ಚಾ ಸುರಿದುಕೊಂಡ.
ಉಳಿದುಹೋಗಿದ್ದ ಒಂದು ಸ್ಕ್ರೂ
ಟಿಣ್ ಅಂದಿತು.